ಅಂಗೈಯಗಲದ ಯಂತ್ರ

ಮಗಳ ವರ್ಷದ ತಿಥಿಗೆ ಮೂರೇ ದಿನ ಉಳಿದಿತ್ತು. ಅವಳು ಕೈಯಾರೆ ಮಾಡಿದ ಯಂತ್ರವನ್ನು ಅಷ್ಟರೊಳಗೆ ಮನೆಗೆ ತರಬೇಕೆಂದು ತಂದೆ ಸಂಶೋಧನಾ ಅನುದಾನದ ಕಚೇರಿಗೆ ಬಂದಿದ್ದರು. ಮಲಗಿದ ಕೂಸಿನ ಉಸಿರು ನಿಂತರೆ ಅದು ಗಂಟೆ ಬಾರಿಸುತ್ತಿತ್ತು. ಇದ್ದದ್ದು ಅದೊಂದೇ. ಅರ್ಜಿಯೊಡನೆ ಮಾದರಿಯೆಂದು ಇಲ್ಲಿಯೇ ಒಪ್ಪಿಸಿದ್ದಳು.

"ಅರ್ಜಿ ಯಾಕೆ ತಳ್ಳಿಹಾಕಿದಿರಿ ಸ್ವಾಮಿ?"

"ಇದೇ ಸಾಮಾನಿಗೆ ಬೇರೆ ಮೂರು ಕಂಪನಿಗಳ ಕೊಟೇಶನ್ ಇಟ್ಟಿರಲಿಲ್ಲ, ಯಜಮಾನ್ರೇ," ಎಂದರು ಗುಮಾಸ್ತರು.

"ಯಾರೂ ಮಾಡದೇ ಇರೋದಕ್ಕೆ ಬೇರೆಯವರು ಹೇಗೆ ಬೆಲೆ ಹೇಳ್ತಾರೆ?"

"ಬಂದವರೆಲ್ಲ ಅದನ್ನೇ ಕೇಳ್ತಾರೆ. ಅದಕ್ಕೇ ಈ ವರ್ಷದ ಹಣವೂ ಹಾಗೇ ವಾಪಸ್ ಹೋಯ್ತು. ಸಾಲದ್ದಕ್ಕೆ, ಉಪಯುಕ್ತತೆ ರುಜುವಾತಾಗಿಲ್ಲ ಅಂತ ಷರಾ ಬೇರೆ ಇದೆ."

"ಬರೆದೋರು ಯಾರು?"

"ನಾನೇ. ಸಮಿತಿ ಸೇರಲೇ ಇಲ್ಲ. ಕಡತ ಮುಗಿಸೋಕೆ ಏನಾದ್ರೂ ಬರೀಬೇಕಿತ್ತು."

ತಂದೆ ಚೀಲದಿಂದ ಒಗೆದ ಮಡಿವಸ್ತ್ರವೊಂದನ್ನು ತೆಗೆದು ಮೇಜಿನ ಮೇಲೆ ಹಾಸಿದರು.

"ಭಗವಂತನ ಚಿತ್ತ. ಅವಳ ಯಂತ್ರಾನ ಇದರಲ್ಲಿ ಸುತ್ತಿಕೊಡಿ. ದೇವರ ಮುಂದೆ ಇಡ್ತೀನಿ."

ಗುಮಾಸ್ತರು ಬೀರುವಿನ ಕಡೆ ನೋಡಿದರು. ಏಳಲಿಲ್ಲ.

"ಕಳೆದುಹಾಕಿದಿರಾ?"

"ಇಲ್ಲ ಯಜಮಾನ್ರೇ." ಅವರ ದನಿ ಇಳಿಯಿತು. "ನಮ್ಮನೇಲಿದೆ. ಹೋದ ತಿಂಗಳು ಮೊಮ್ಮಗಳು ಹುಟ್ಟಿದಳು, ಏಳು ತಿಂಗಳಿಗೇ. ನೀವು ಬೇಕು ಅಂದರೆ ಈಗಲೇ ತೊಟ್ಟಿಲಿಂದ ಬಿಚ್ಚಿ ತಂದುಕೊಡ್ತೀನಿ. ನಿನ್ನೆ ಎರಡು ಸಲ ಗಂಟೆ ಬಾರಿಸಿತು."