ಓದಿದ ಅಪರಾಧ

“ಈ ಪುಸ್ತಕವನ್ನ ಪೂರ್ತಿ ಓದಿದವರು ಯಾರು? ಮರ್ಯಾದೆಯಾಗಿ ಒಪ್ಪಿಕೊಳ್ಳಿ!” ನಿರ್ದೇಶಕರು ಮೇಜು ಗುದ್ದಿದರು.

ಯಾರೂ ಒಪ್ಪಿಕೊಳ್ಳಲಿಲ್ಲ.

ಮೇಜಿನ ಮೇಲೆ ಅಂದಿನ ದಿನಪತ್ರಿಕೆ ಬಿದ್ದಿತ್ತು. ಸಂಸ್ಥೆ ಹೊರತಂದ ಡಿಜಿಟಲ್ ಸಮಾಜ ವಿಜ್ಞಾನ ಪಠ್ಯಪುಸ್ತಕದ ಮೂವತ್ತೊಂದು ತಪ್ಪುಗಳನ್ನು ಯಾರೋ ಪುಟಸಂಖ್ಯೆ ಸಮೇತ ಬರೆದು ಕಳಿಸಿದ್ದರು. ಪತ್ರಿಕೆ ಅದಕ್ಕೆ ಚೌಕಟ್ಟು ಹಾಕಿ ಅಚ್ಚು ಮಾಡಿತ್ತು. ಎರಡನೇ ಪಾಠದಲ್ಲಿ ಸತ್ತ ರಾಜ ಮೂರನೆಯದರಲ್ಲಿ ಯುದ್ಧ ಗೆಲ್ಲುತ್ತಾನೆ. ಚಲಿಸುವ ಚಿತ್ರದಲ್ಲಿ ನದಿ ಸಮುದ್ರದಿಂದ ಹೊರಟು ಬೆಟ್ಟ ಹತ್ತುತ್ತದೆ. ಆರನೇ ಪಾಠದ ನಾಲ್ಕನೇ ಪ್ರಶ್ನೆಗೆ ಯಾವ ಉತ್ತರ ಒತ್ತಿದರೂ ‘ಜಾಣಮರಿ, ಇನ್ನೊಮ್ಮೆ ಪ್ರಯತ್ನಿಸು’ ಎಂದು ಬರುತ್ತದೆ. ‘ನಾನು ಹನ್ನೊಂದು ಸಲ ಒತ್ತಿದೆ’ ಎಂಬಲ್ಲಿಗೆ ಪತ್ರ ಮುಗಿದಿತ್ತು. ಹೆಸರಿರಲಿಲ್ಲ.

“ವ್ಯಂಗ್ಯ ನೋಡಿ, ವ್ಯಂಗ್ಯ!” ಎಂದರು ಪುಸ್ತಕದ ಪ್ರಧಾನ ಸಂಪಾದಕರಾದ ಪ್ರೊಫೆಸರರು. “ಹನ್ನೊಂದು ಸಲ ಅಂತೆ! ಇದು ಮೂವತ್ತು ವರ್ಷ ಪಳಗಿದ ಕೈ ಸರ್. ಇಂಥ ಸರಳ ವಾಕ್ಯ ಸುಮ್ಮನೆ ಬರಲ್ಲ.”

“ಕೈ ಯಾರದ್ದಾದರೂ ಇರಲಿ, ಓದಿ ಹೇಳಿಕೊಟ್ಟವರು ನಮ್ಮವರೇ. ಹೊರಗಿನವರಿಗೆ ಇದನ್ನ ಓದೋ ಕರ್ಮ ಏನಿದೆ?” ಎಂದರು ನಿರ್ದೇಶಕರು.

ಎಲ್ಲರೂ ತಲೆಯಾಡಿಸಿದರು. ಆ ಮಾತಿನಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ನಿರ್ದೇಶಕರ ಹಿಂದಿನ ಗೋಡೆಯಲ್ಲಿ ‘ಎಂಬತ್ತು ಸಾವಿರ ಟ್ಯಾಬ್ಲೆಟ್‌ಗಳು, ಎಂಬತ್ತು ಸಾವಿರ ಕನಸುಗಳು’ ಎಂಬ ಫಲಕ ಹೊಳೆಯುತ್ತಿತ್ತು.

ಮೂರು ತಿಂಗಳ ಹಿಂದೆ, ಬಿಡುಗಡೆಯ ವೇದಿಕೆಯಲ್ಲಿ, ಇದೇ ಜನ ಆ ಪುಸ್ತಕವನ್ನು ಓದಿದ್ದಾಗಿ ಪೈಪೋಟಿಯ ಮೇಲೆ ಹೇಳಿಕೊಂಡಿದ್ದರು. ‘ಪ್ರತಿ ಅಕ್ಷರವನ್ನೂ ಓದಿ ದೃಢೀಕರಿಸಿದ್ದೇವೆ’ ಎಂಬ ಪತ್ರಕ್ಕೆ ಸಾಲಾಗಿ ಸಹಿ ಹಾಕಿದ್ದರು. ಈಗ ಅದೇ ಬಾಯಿಗಳು ಆಣೆ ಹಾಕತೊಡಗಿದವು.

“ನನ್ನ ಮಕ್ಕಳಾಣೆಗೂ ಒಂದು ಪುಟ ತೆರೆದಿಲ್ಲ,” ಎಂದರು ಪ್ರೊಫೆಸರರು.

“ಸಹಿ ಇದೆಯಲ್ಲ?” ಎಂದರು ನಿರ್ದೇಶಕರು.

ಉತ್ತರ ಬಂದದ್ದು ಅನುಮೋದನೆ ವಿಭಾಗದ ಮೇಡಂ ಅವರಿಂದ. “ಸಹಿ ಹಾಕೋದಕ್ಕೂ ಓದೋದಕ್ಕೂ ಏನು ಸಂಬಂಧ ಸರ್? ನನಗೆ ಅದನ್ನ ತೆರೆಯೋ ಪಾಸ್‌ವರ್ಡೇ ಗೊತ್ತಿಲ್ಲ.”

ಕಂಪ್ಯೂಟರ್ ವಿಭಾಗದವನು ಲೆಕ್ಕ ತೆಗೆದ. ಕಚೇರಿಯ ಯಾವ ಖಾತೆಯಿಂದ ಪುಸ್ತಕ ಎಷ್ಟು ಹೊತ್ತು ತೆರೆದಿತ್ತು ಎಂಬುದು ಗೋಡೆಯ ಪರದೆಯ ಮೇಲೆ ಮೂಡಿತು. ಪ್ರೊಫೆಸರರು: ಸೊನ್ನೆ. ಮೇಡಂ: ಸೊನ್ನೆ. ಒಬ್ಬೊಬ್ಬರ ಸೊನ್ನೆ ಬಂದಾಗಲೂ ಅವರ ಮುಖ ಬಹುಮಾನ ಬಂದಂತೆ ಅರಳಿತು. ನಿರ್ದೇಶಕರು ತಮ್ಮ ಸೊನ್ನೆಯನ್ನು ಗಂಭೀರವಾಗಿ ಸ್ವೀಕರಿಸಿದರು.

ಕೊನೆಯ ಸಾಲಿನಲ್ಲಿ ಇನ್ನೂರ ಹನ್ನೆರಡು ಗಂಟೆ ಎಂದಿತ್ತು.

ಎಲ್ಲರೂ ತಿರುಗಿ ನೋಡಿದರು. ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕರಡು ತಿದ್ದುವ ಹುಡುಗಿ ಕೂತಿದ್ದಳು. ಗೋಡೆ ಸವರಿಕೊಂಡೇ ಓಡಾಡುವ ಅವಳಿಗೆ ಕಚೇರಿಯಲ್ಲಿ ‘ಇರುವೆ’ ಎಂದು ಹೆಸರು.

“ಇನ್ನೂರ ಹನ್ನೆರಡು ಗಂಟೆ!” ಮೇಡಂ ಕೆನ್ನೆಗೆ ಕೈಯಿಟ್ಟರು. “ಅಯ್ಯೋ, ಮಳ್ಳಿ ಥರ ಇದ್ದು ಎಂಥ ಕೆಲಸ ಮಾಡಿದ್ಯೇ ತಾಯಿ!”

“ಓದೋದು ನನ್ನ ಕೆಲಸ ಮೇಡಂ. ತಪ್ಪುಗಳ ಪಟ್ಟಿ ನಿಮಗೇ ಮೂರು ಸಲ ಕಳಿಸಿದ್ದೆ.”

“ಅದನ್ನೂ ಓದಿಲ್ಲಮ್ಮ ನಾನು,” ಎಂದರು ಮೇಡಂ ಅವಸರದಿಂದ. ಅವರ ನಿರಪರಾಧಿತ್ವಕ್ಕೆ ಇನ್ನೊಂದು ಸಾಕ್ಷಿ ಸೇರಿತು.

ನಿರ್ದೇಶಕರು ಬಿಳಿ ಹಾಳೆಯೊಂದನ್ನು ಅವಳತ್ತ ತಳ್ಳಿದರು. “ಐದು ಗಂಟೆಯೊಳಗೆ ರಾಜೀನಾಮೆ ಬರೆದುಕೊಡು. ಇಲ್ಲದಿದ್ದರೆ ನಾವೇ ತೆಗೆದುಹಾಕಿದ್ದೀವಿ ಅಂತ ಎಲ್ಲ ಸಂಸ್ಥೆಗಳಿಗೂ ಬರೀತೀನಿ.”

ಎರಡು ವರ್ಷ ಮನೆಯಲ್ಲಿ ಕೂತು, ‘ಪುಸ್ತಕದ ಹುಳುವಿಗೆ ಯಾರು ಸಂಬಳ ಕೊಡ್ತಾರೆ’ ಎಂಬ ಅಣ್ಣನ ಮಾತು ಕೇಳಿ ಕೇಳಿ ಕೊನೆಗೆ ಸಿಕ್ಕಿದ ಕೆಲಸ ಇದು. ಅವಳು ಹಾಳೆ ಮುಟ್ಟಲಿಲ್ಲ. ಪತ್ರಿಕೆಯನ್ನು ಎಳೆದುಕೊಂಡು ಮತ್ತೊಮ್ಮೆ ಓದಿದಳು. ಅದನ್ನು ಆ ಕೋಣೆಯಲ್ಲಿ ಕೊನೆತನಕ ಓದಿದವಳೂ ಅವಳೊಬ್ಬಳೇ.

“ಸರ್, ಇದರಲ್ಲಿ ಎರಡು ತಪ್ಪು ನನಗೂ ಸಿಕ್ಕಿರಲಿಲ್ಲ.”

“ಅಂದರೆ ಉಳಿದ ಇಪ್ಪತ್ತೊಂಬತ್ತು ಗೊತ್ತಿತ್ತು! ಬರ್ಕೊಳ್ರೀ ಇದನ್ನ.”

“ಮತ್ತೆ, ಪತ್ರ ಆರನೇ ಪಾಠಕ್ಕೇ ನಿಂತಿದೆ. ದೊಡ್ಡ ಎಡವಟ್ಟು ಇರೋದು ಒಂಬತ್ತರಲ್ಲಿ. ನಾನು ಹೇಳಿಕೊಡೋದಾಗಿದ್ರೆ ಮೊದಲು ಅದನ್ನೇ ಹೇಳ್ತಿದ್ದೆ.”



“ಒಂಬತ್ತು ಪಾಠ ಇದೆಯಾ ಅದರಲ್ಲಿ?” ಪ್ರೊಫೆಸರರು ಮೆಲ್ಲನೆ ಕೇಳಿದರು.

“ಹದಿನಾಲ್ಕಿದೆ ಸರ್,” ಎಂದ ಕಂಪ್ಯೂಟರಿನವನು. “ಪ್ರಶ್ನೆಗೆಲ್ಲ ಸರಿಯುತ್ತರ ಒತ್ತಿದರೆ ಮಾತ್ರ ಮುಂದಿನ ಪಾಠ ತೆರೆಯುತ್ತೆ. ಕಚೇರಿಯವರಿಗೆ ಆ ಕಾಟ ಇಲ್ಲ, ಎಲ್ಲ ಪಾಠವೂ ತೆರೆದೇ ಇರುತ್ತೆ.”

ಹುಡುಗಿ ತಲೆಯೆತ್ತಿದಳು. ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ನಾಚುವವಳು ನಿರ್ದೇಶಕರ ಮೇಜಿನ ಮೇಲಿದ್ದ ಫೋನನ್ನು ಕೇಳದೆ ಎತ್ತಿಕೊಂಡು ಪತ್ರಿಕೆಯ ಕಚೇರಿಗೆ ಹಚ್ಚಿದಳು. “ಹೆಸರು ಬೇಡ ಸರ್. ಹೆಸರು ಮುಚ್ಚಿ ಮೂಲ ಪತ್ರದ ಚಿತ್ರ ಕಳಿಸಿ, ಸಾಕು. ನನ್ನ ಕೆಲಸದ ಪ್ರಶ್ನೆ.”

“ಕಳಿಸಲಿ, ಕಳಿಸಲಿ,” ಎಂದರು ನಿರ್ದೇಶಕರು. “ಇವಳಿಗೆ ಎದುರಾಳಿ ಸಂಸ್ಥೆಯ ಯಾವ ಮಹಾನುಭಾವನ ಜೊತೆ ಒಪ್ಪಂದ ಅನ್ನೋದೂ ಹೊರಬೀಳಲಿ.”

ನಾಲ್ಕೂಮುಕ್ಕಾಲಿಗೆ ಚಿತ್ರ ಬಂತು. ಕಂಪ್ಯೂಟರಿನವನು ಅದನ್ನು ಪರದೆಯ ಮೇಲೆ ಹಾಕಿದ. ಗೆರೆ ಎಳೆದ ಹಾಳೆ. ನೀಲಿ ಶಾಯಿ. ಹೆಸರಿನ ಮೇಲೆ ಮಾತ್ರ ಕಾಗದದ ಪಟ್ಟಿ ಇಟ್ಟಿದ್ದರು.

“ನಾನು ಹೇಳಲಿಲ್ಲವಾ?” ಪ್ರೊಫೆಸರರು ಕನ್ನಡಕ ಏರಿಸಿದರು. “ಎಂಥ ದುಂಡು ಅಕ್ಷರ! ಹಳೇ ಕಾಲದ ವಿದ್ವಾಂಸರದ್ದೇ ಇದು. ಈಗಿನವರಿಗೆ ಎಲ್ಲಿಂದ ಬರಬೇಕು?”

ಹುಡುಗಿ ಎದ್ದು ಪರದೆಯ ಹತ್ತಿರ ಹೋದಳು. ಪತ್ರಿಕೆಯವರು ಜಾಗವಿಲ್ಲವೆಂದು ಕತ್ತರಿಸಿದ್ದ ಕೊನೆಯ ಮಾತುಗಳನ್ನು, ಎಲ್ಲರಿಗೂ ಕೇಳುವಂತೆ, ಮೊದಲ ಬಾರಿಗೆ ಗಟ್ಟಿಯಾಗಿ ಓದಿದಳು:

“‘ಏಳನೇ ಪಾಠ ತೆರೆಯುತ್ತಿಲ್ಲ. ಸೋಮವಾರ ಪರೀಕ್ಷೆ ಇದೆ. ದಯವಿಟ್ಟು ಬೇಗ ಸರಿಮಾಡಿಸಿ. ಇಂತಿ ನಿಮ್ಮ ವಿಧೇಯ, ಎಂಟನೇ ತರಗತಿ, ಬಿ ವಿಭಾಗ.’”