ಗಿಡ್ಡಪ್ಪನೋ ಗುಡ್ಡಪ್ಪನೋ

“ಆ ವಾರಂಟ್ ಕೊಡ್ರಿ, ನಾ ಒಮ್ಮೆ ಓದಬೇಕು,” ಎಂದರು ಗಿಡ್ಡಪ್ಪ ಮಾಸ್ತರರು, ಠಾಣೆಯ ಮೆಟ್ಟಿಲು ಹತ್ತಿದವರೇ. ಠಾಣೆಯ ಅಧಿಕಾರಿ, ಅಮೀನ ಫಕ್ರುದ್ದೀನ ಎದ್ದು ನಿಂತ. ಇವರನ್ನು ಕುರ್ಚಿಯಲ್ಲಿ ಕೂಡಿಸಬೇಕೋ ಹಿಡಿದು ಒಳಗೆ ಹಾಕಬೇಕೋ ಅವನಿಗೆ ತಿಳಿಯಲಿಲ್ಲ. ಮಾಸ್ತರರ ಜೊತೆ ಬಂದ ಹುಲಿಗವ್ವ ಬಾಗಿಲಲ್ಲೇ ನಿಂತಳು. ಸರಳುಗಳ ಹಿಂದೆ ಅವಳ ಗಂಡ ಗುಡ್ಡಪ್ಪ ಮೂರು ದಿನದಿಂದ ಕುಕ್ಕರಗಾಲಲ್ಲಿ ಕೂತಿದ್ದ.

ಗುಡ್ಡಪ್ಪ ಕುರಿ ಕಾಯುವವನು. ಹೇಮಗುಡ್ಡದ ಕೆಳಗಿನ ಬಯಲಲ್ಲಿ ಮಂದೆ ಬಿಟ್ಟುಕೊಂಡಿದ್ದಾಗ ಹೊಸದಾಗಿ ಬಂದ ಪೊಲೀಸ್ ಜವಾನನೊಬ್ಬ ಅವನ ಹೆಸರು ಕೇಳಿದ. ಇವನು ಹೇಳಿದ. ಕನಕಗಿರಿ ಸಂತೆಯಲ್ಲಿ ಜನ ಕೂಡಿಸಿ ಮಾತಾಡಿದವನು ನೀನೇ ಏನು ಎಂದು ಕೇಳಿದ. ಹೂನ್ರಿ, ಭಾಳ ಮಾತಾಡೀನಿ, ಮಾತಾಡದಿದ್ರ ಕುರಿ ಹೆಂಗ ಮಾರಾಟ ಆಗಬೇಕು ಎಂದು ಗುಡ್ಡಪ್ಪ ನಗುತ್ತಲೇ ಒಪ್ಪಿಕೊಂಡ. ಅಲ್ಲೇ ಕೈಗೆ ಬೇಡಿ ಬಿತ್ತು. ನಾಳೆ ರಾಯಚೂರು ಜೈಲಿಗೆ ಒಯ್ಯುತ್ತಾರೆಂದು ಗೊತ್ತಾದಾಗ ಹುಲಿಗವ್ವ ಊರೂರು ಹುಡುಕಿ, ನವಲಿಯಲ್ಲಿ ಊಟಕ್ಕೆ ಕೂತಿದ್ದ ಮಾಸ್ತರರ ಮುಂದೆ ಹೋಗಿ ನಿಂತಿದ್ದಳು. ಅತ್ತಿರಲಿಲ್ಲ. “ಮಾತಾಡಿದವರು ನೀವು. ನನ್ನ ಗಂಡ ಯಾಕ ಒಳಗ ಕೂಡಬೇಕ್ರಿ?” ಎಂದಷ್ಟೇ ಕೇಳಿದ್ದಳು. ಮಾಸ್ತರರು ತಾಟಿನಲ್ಲೇ ಕೈತೊಳೆದು ಎದ್ದಿದ್ದರು.

ಹೆಸರು ಗಿಡ್ಡಪ್ಪನಾದರೂ ಆಳು ಬಾಗಿಲಿಗೆ ತಲೆ ಬಗ್ಗಿಸುವಷ್ಟು ಎತ್ತರ. ಗಂಗಾವತಿಯ ಸರಕಾರಿ ಸಾಲೆಯಲ್ಲಿ ಒಂಬತ್ತು ವರ್ಷ ಉರ್ದು ಕಲಿಸಿದ್ದರು. ನಿಜಾಮರ ಕಾಲ, ಪಾಠವೆಲ್ಲ ಉರ್ದುವಿನಲ್ಲೇ ಆಗಬೇಕು. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ವರ್ಷಗಟ್ಟಲೆ ಮಾಸ್ತರನ ಬಾಯಿ ನೋಡಿಯೇ ಕಾಲ ಕಳೆಯುತ್ತಿದ್ದವು. ಈ ಮಕ್ಕಳಿಗೆ ಇವರ ಮಾತಿನಲ್ಲೇ ಯಾಕೆ ಕಲಿಸಬಾರದು ಎಂದು ಮೇಲಿನವರಿಗೆ ಬರೆದರು. ಉತ್ತರ ಬರಲಿಲ್ಲ, ವರ್ಗದ ಹುಕುಂ ಬಂತು. ರಾಜೀನಾಮೆ ಕೊಟ್ಟು, ನಾಲ್ಕು ವರ್ಷ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳನ್ನೆಲ್ಲ ನಡೆದೇ ಸುತ್ತಿ ಅದೇ ಮಾತನ್ನು ಜನಕ್ಕೆ ಹೇಳಿದರು. ಜನ ಕೇಳಿದರು. ನಾಳೆ ಕೊಪ್ಪಳದಲ್ಲಿ ಪ್ರಾಂತದ ಪರಿಷತ್ತು ಕೂಡಿ ಅವರನ್ನು ಅಧ್ಯಕ್ಷರನ್ನಾಗಿ ಆರಿಸುವುದಿತ್ತು. ಅದಕ್ಕೂ ಮೊದಲೇ ಅವರನ್ನು ಹಿಡಿಯಬೇಕೆಂದು ಹೊರಟ ವಾರಂಟ್ ಇದು.

ಮಾಸ್ತರರು ಕಾಗದವನ್ನು ಬೆಳಕಿಗೆ ಹಿಡಿದರು. ಹೆಸರಿನ ಜಾಗದಲ್ಲಿ ಗಾಫ್, ಡಾಲ್, ಪೇ, ಅಲಿಫ್, ನಾಲ್ಕೇ ಅಕ್ಷರ. ಉರ್ದು ಬರಹದಲ್ಲಿ ನಮ್ಮ ಹಾಗೆ ಗುಡಿಸು ಕೊಂಬು ಕೊಡುವ ರೂಢಿಯಿಲ್ಲ. ಗಾಫಿನ ಕೆಳಗೊಂದು ಸಣ್ಣ ಗೆರೆ ಎಳೆದರೆ ‘ಗಿ’, ಮೇಲೊಂದು ಕೊಕ್ಕೆ ಇಟ್ಟರೆ ‘ಗು’. ಏನೂ ಇಡದಿದ್ದರೆ ಓದುವವನ ಬಾಯಿಗೆ ಬಂದದ್ದೇ ಹೆಸರು. ಬರೆದವನು ಏನೂ ಇಟ್ಟಿರಲಿಲ್ಲ.

ಫಕ್ರುದ್ದೀನನಿಗೂ ಇದು ಗೊತ್ತಿತ್ತು. ಅವನು ದನಿ ತಗ್ಗಿಸಿದ. “ಕಾಗದಾ ನಿಮ್ಮ ಕಡಿ ಐತಿ, ಮಾಸ್ತರ. ಮ್ಯಾಲೆ ಕೊಕ್ಕಿ ಅಂತ ತಿಳಕೊಂಡ್ರ ಆತು, ಇವನ ಹೆಸರು. ಹದಿನೈದು ದಿನ ಸರಕಾರಿ ರೊಟ್ಟಿ ತಿಂದು ಬರ್ತಾನ. ನೀವು ಸುಮ್ಮನ ಹೋಗಿ ಅಧ್ಯಕ್ಷರಾಗ್ರಿ.”

“ಆಗಲೇ ಇವನ ಎರಡು ಕುರಿಮರೀನ ತೋಳ ಒಯ್ದಾವ,” ಎಂದರು ಮಾಸ್ತರರು. “ಹದಿನೈದು ದಿನ ಅವನ ಕುರಿ ನೀವು ಕಾಯ್ತೀರೇನು?”

ಮಾಸ್ತರರು ಮೇಜಿನ ಮೇಲಿನ ಲೇಖನಿಯನ್ನು ದೌತಿಗೆ ಅದ್ದಿ, ಒಂಬತ್ತು ವರ್ಷ ಮಕ್ಕಳ ಪಾಟಿಯ ತಪ್ಪು ತಿದ್ದಿದ ಕೈಯಲ್ಲಿ, ಗಾಫಿನ ಕೆಳಗೆ ಒಂದು ಗೆರೆ ಎಳೆದರು. ಆರಲೆಂದು ಊದಿದರು. “ಈಗ ಓದ್ರಿ.”

“ಗಿಡ್ಡಪ್ಪ,” ಎಂದು ಓದಿದ ಫಕ್ರುದ್ದೀನ, ತಲೆ ಎತ್ತದೆ. ಆಮೇಲೆ ದಫ್ತರ ಬಿಚ್ಚಿದ. ದಂಧೆ ಏನೆಂದು ಬರೀಲಿ, ಲೀಡರ್ ಅಂತ ಬರೀಲೇನು ಎಂದು ಕೇಳಿದ. ಮಾಸ್ತರಿಕಿ ಅಂತ ಬರೀರಿ ಎಂದರು. ಅದನ್ನು ಬಿಟ್ಟು ನಾಲ್ಕು ವರ್ಷವಾಯಿತಲ್ಲ ಎಂದದ್ದಕ್ಕೆ, “ಬಿಟ್ಟದ್ದು ಪಗಾರ,” ಎಂದರು.

ಮರುದಿನ ಕೊಪ್ಪಳದಲ್ಲಿ ಬೇರೊಬ್ಬರು ಅಧ್ಯಕ್ಷರಾದರು. ಮಾಸ್ತರರಿಗೆ ಏಳು ತಿಂಗಳು ಜೈಲಾಯಿತು. ಮುಂದೆ ಅವರು ಅಧ್ಯಕ್ಷರೂ ಆದರು, ಅದಕ್ಕಿಂತ ದೊಡ್ಡದೂ ಆದರು. ಆದರೆ ಆ ವರ್ಷ ಅಲ್ಲ.

ಆ ದಿನ ಠಾಣೆಯಲ್ಲಿ ಸರಳಿನ ಬಾಗಿಲು ತೆರೆದರೂ ಗುಡ್ಡಪ್ಪ ಕೂತಲ್ಲಿಂದ ಏಳಲಿಲ್ಲ. ಅವನಿಗೊಂದು ಅನುಮಾನ ಹುಟ್ಟಿತ್ತು. “ನನ್ನ ಹೆಸರಿಗೂ ಏನಾರ ಹಾಕಿಕೊಡ್ರಿ, ಮಾಸ್ತರ. ನಾಳೆ ಮತ್ತೊಬ್ಬ ಬಂದು ತಪ್ಪು ಓದಿದ್ರ?”

ಮಾಸ್ತರರು ಅದೇ ಲೇಖನಿ ಹಿಡಿದು ಒಳಗೆ ಹೋಗಿ ಅವನ ಎದುರು ಕೂತು, ಬಲಗೈ ಹಿಡಿದು, ಅಂಗೈ ತುಂಬ ಕನ್ನಡದಲ್ಲಿ ಅವನ ಹೆಸರು ಬರೆದರು. ಗಕಾರದ ಕೊಂಬನ್ನು ಎರಡು ಸಲ ತೀಡಿದರು. “ಇದನ್ನ ಬ್ಯಾರೆ ಓದಾಕ ಬರಂಗಿಲ್ಲ ನೋಡು.”

ಗುಡ್ಡಪ್ಪ ಹೊರಗೆ ಬಂದ. ಹುಲಿಗವ್ವ ಅವನ ಕೋಲನ್ನು ಮುಂದೆ ಚಾಚಿದಳು. ಅವನು ಅದನ್ನು ಎಡಗೈಯಲ್ಲಿ ತೆಗೆದುಕೊಂಡು, ಬಲದ ಅಂಗೈಯನ್ನು ಬಿಸಿಲಿಗೆ ಬಿಚ್ಚಿ ಹಿಡಿದುಕೊಂಡೇ, ಕುರಿಗಳಿದ್ದ ಕಡೆ ನಡೆದ.