ಗಂಜಿ ಹಾಕಿದ ರುಮಾಲು

ಹೊಸ ಬಟ್ಟೆಯ ಗಂಜಿ ವಾಸನೆ ಬಡಿದರೆ ಇವತ್ತಿಗೂ ನನಗೆ ಒಂದು ಗಿರಣಿಯ ಗೇಟು ನೆನಪಾಗುತ್ತದೆ.

ಗೋಕಾಕದ ಹತ್ತಿರದ ಗಿರಣಿಯಲ್ಲಿ ಮುಷ್ಕರ ನಡೆದಿತ್ತು. ಕೆಲಸಗಾರರಿಗೆ ಧೈರ್ಯ ಹೇಳಲು ಇಂಗ್ಲೆಂಡಿನಿಂದ ಕೆಂಪು ಬಾವುಟದ ಮುದುಕರೊಬ್ಬರು, ಒಂದು ಕಾಲದ ಸಂಸದರು, ಗೇಟಿನ ಮುಂದೆ ಬಂದು ನಿಂತಿದ್ದರು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವ್ವ ಅವರ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದಳು. ನಾನು ಅವಳ ಸೆರಗು ಹಿಡಿದಿದ್ದೆ. ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದ ನನ್ನ ಅಜ್ಜ, ಅತಿಥಿಯ ತಲೆಗೆ ಸುತ್ತಲು ಗರಿಗರಿ ರುಮಾಲು ಹಿಡಿದು ಕಾಯುತ್ತಿದ್ದ. ಆಚೆ ಪೊಲೀಸರ ಜೀಪು ನಿಂತಿತ್ತು.

ಅವರ ಒಂದು ಮಾತಿಗೆ ಅವ್ವ ಕನ್ನಡದಲ್ಲಿ ಹೇಳುವುದನ್ನು ಬಿಟ್ಟು ಅವರ ಮುಖ ನೋಡಿದಳು.

“ಏನಂದ್ರು ಹೇಳ್ರಿ, ಟೀಚರ!” ಯಾರೋ ಕೂಗಿದರು.

“ತಮ್ಮೂರ ಗಣಿ ಮುಷ್ಕರದಾಗ ಸೋತ್ವಿ ಅಂತಾರ. ಕೆಲಸಗಾರರ ಕೂಡ ನಿಂತಿದ್ದಕ್ಕ ಇವರ ಪಾರ್ಟಿನ ಇವರನ್ನ ಹೊರಗ ಹಾಕ್ತಂತ.”

ಗೇಟಿನ ಒಳಗೆ ಮಾಲೀಕರ ಕಡೆಯವರು ಯಾರೋ ನಕ್ಕರು. “ಸೋತಾಂವನ್ನ ಯಾಕ ಕರಸೀರಿ?” ಎಂದು ಹಿಂದಿನಿಂದ ಒಬ್ಬ ಕೆಲಸಗಾರ ಸಿಡುಕಿದ. ಕುಳಿತಿದ್ದ ಜನ ಏಳತೊಡಗಿದರು.

ಅಜ್ಜ ಮುಂದೆ ಬಂದ. “ಮತ್ತ ಅಂಥಾ ಹೊತ್ತು ಬಂದ್ರ ಏನ್ ಮಾಡ್ತೀರಿ, ಕೇಳವ್ವಾ.”

ಅವ್ವ ಕೇಳಿ, ಉತ್ತರ ಹೇಳಿದಳು: “ಮತ್ತ ನಿಂದರ್ತೇನಿ ಅಂತಾರ.”

ಅಜ್ಜ ರುಮಾಲು ಬಿಚ್ಚಿದ. ಗಂಜಿ ಘಮ್ಮೆಂದಿತು. ಅತಿಥಿ ಬಲು ಎತ್ತರ, ಅಜ್ಜನ ಕೈ ಎಟುಕಲಿಲ್ಲ.

“ತಲಿ ಬಗ್ಗಸಾಕ ಹೇಳವ್ವಾ. ಇದೊಂದಕ್ಕ.”

ಅವ್ವ ಹೇಳಿದಳು. ಅವರು ತಲೆ ಬಗ್ಗಿಸಲಿಲ್ಲ. ಅಜ್ಜನ ಮುಂದೆ ಮಣ್ಣಿನಲ್ಲೇ ಕುಳಿತು ಕತ್ತು ನೆಟ್ಟಗೆ ಮಾಡಿದರು. ಅಜ್ಜ ರುಮಾಲು ಸುತ್ತಿದ. ಎದ್ದಿದ್ದವರು ಒಬ್ಬೊಬ್ಬರಾಗಿ ಮತ್ತೆ ಕುಳಿತರು. ಜೀಪು ಗುರ್ರೆಂದು ಮುಂದೆ ಬಂದಾಗಲೂ ಯಾರೂ ಏಳಲಿಲ್ಲ.